ಬಸವಲಿಂಗಪ್ಪನವರ ಏಳನೇ ನಿಯಮ

ನಿಯಮವಿಲ್ಲದೆ ಮಾಡಿದ ಕೆಲಸವನ್ನು ಬಸವಲಿಂಗಪ್ಪನವರು ಕೆಲಸವೆಂದೇ ಒಪ್ಪುವುದಿಲ್ಲ. ಕೋಲ್ಕತ್ತದ ಬಿಬಿಡಿ ಬಾಗಿನ ಸರ್ಕಾರಿ ಕಚೇರಿಯೊಂದರಲ್ಲಿ ಅವರು ಸೂಪರಿಂಟೆಂಡೆಂಟ್. ಇಪ್ಪತ್ತಾರು ವರ್ಷಗಳ ಹಿಂದೆ ರಾಣೆಬೆನ್ನೂರಿನಿಂದ ಕೋಲ್ಕತ್ತಕ್ಕೆ ಬರುವಾಗ, "ಮೂರ ವರ್ಷ, ಆಮ್ಯಾಲೆ ವಾಪಸ್" ಎಂದು ಹೆಂಡತಿ ಗಂಗೂಬಾಯಿಗೆ ಮಾತು ಕೊಟ್ಟಿದ್ದರು. ಆ ಮೂರು ವರ್ಷ ಇನ್ನೂ ಮುಗಿದಿಲ್ಲ. ಡಮ್ ಡಮ್‌ನ ಮೂರನೇ ಮಹಡಿಯ ಅವರ ಮನೆಯಲ್ಲಿ, ನೀರಿನ ಮೋಟರು ಯಾರು ಯಾವಾಗ ಹಾಕಬೇಕು ಎಂಬುದರಿಂದ ಹಿಡಿದು ಒದ್ದೆ ಬಟ್ಟೆಯನ್ನು ಯಾವ ದಿಕ್ಕಿಗೆ ಹರವಬೇಕು ಎಂಬುದರವರೆಗೆ, ಅವರು ಬರೆದು ಅಂಟಿಸಿದ ಚೀಟಿಗಳಿವೆ. ಗಂಗೂಬಾಯಿಗೆ ಅವುಗಳಿಂದ ಉಪಕಾರವೇ ಆಗಿದೆ. ಹಾಲಿನವನ ನಂಬರು ಬರೆದುಕೊಳ್ಳಲು ಚೀಟಿಗಳ ಹಿಂಭಾಗ ಖಾಲಿ ಇರುತ್ತದೆ.

ಕೋಲ್ಕತ್ತದ ಕನ್ನಡ ಸಂಘದಲ್ಲಿ ಅವರು ಅಧ್ಯಕ್ಷರಲ್ಲ, ಕಾರ್ಯದರ್ಶಿಯೂ ಅಲ್ಲ. ಆದರೂ ರಾಜ್ಯೋತ್ಸವದ ಊಟದ ಸಾಲು ಎಡಗಡೆಯಿಂದ ಬರಬೇಕೋ ಬಲಗಡೆಯಿಂದ ಬರಬೇಕೋ ಎಂದು ಅವರ ಸುತ್ತೋಲೆ ಹೊರಡುವ ತನಕ ಯಾರೂ ತಟ್ಟೆ ಮುಟ್ಟುವುದಿಲ್ಲ. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕಷ್ಟ. ಹೊಸದಾಗಿ ಬಂದವರಿಗೆ ಬಾಡಿಗೆ ಮನೆ ಹುಡುಕಿಕೊಡುವವರು ಅವರೇ, ಡೆಂಗಿ ಬಂದು ಮಲಗಿದವರಿಗೆ ಗಂಜಿ ಹೊತ್ತು ಸಾಲ್ಟ್ ಲೇಕಿನವರೆಗೆ ಆಟೊ ಬದಲಿಸಿ ಬದಲಿಸಿ ಹೋಗುವವರೂ ಅವರೇ. ಗಂಜಿಯ ಡಬ್ಬಿಯ ಮೇಲೆ ಕುಡಿಯುವ ವಿಧಾನ ಬರೆದಿರುತ್ತದೆ, ಅಷ್ಟೆ.

ಹಾಗೆ ವಿಧಾನ ಓದಿ, ಗಂಜಿ ಕುಡಿದು ಎದ್ದವರಲ್ಲಿ ಸಚಿನ್ ಒಬ್ಬ. ಬೆಂಗಳೂರಿನ ಹುಡುಗ, ಇಪ್ಪತ್ತೇಳರ ಪ್ರಾಯ, ಸಾಲ್ಟ್ ಲೇಕಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಈ ಸಲದ ರಾಜ್ಯೋತ್ಸವದ ದಿನ ಅವನು ಶೋಭನಾ ಟೀಚರ ಪಕ್ಕ ಕೂತು, ಶನಿವಾರ ಭಾನುವಾರ ಡಾರ್ಜಿಲಿಂಗಿನ ಆಚೆಗಿರುವ ಸಿಂಗಲೀಲಾ ಬೆಟ್ಟಸಾಲಿಗೆ ಬ್ಯಾಗು ಹೊತ್ತು ನಡೆದು ಬರೋಣ ಎಂದು ಮೆಲ್ಲಗೆ ಮಾತಾಡುತ್ತಿದ್ದ. ಶೋಭನಾ ಟೀಚರು ಮಂಗಳೂರಿನ ಕಡೆಯವರು, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ಅದೇ ಬೆಟ್ಟವನ್ನು ನಾಲ್ಕು ಸಲ ಹತ್ತಿ ಇಳಿದವರು, ಕೇಳದಿದ್ದರೆ ಹೇಳುವವರಲ್ಲ. ಆಚೆ ಕುರ್ಚಿಯಲ್ಲಿದ್ದ ನರಸಿಂಹಮೂರ್ತಿಗಳು "ನಾನೂ ಬರ್ತೀನಿ ಕಣಪ್ಪ" ಅಂದರು. ಇವರು ಮೈಸೂರಿನವರು, ಬ್ಯಾಂಕಿನಿಂದ ನಿವೃತ್ತರು. ಬಸವಲಿಂಗಪ್ಪನವರಿಗೆ ಇಪ್ಪತ್ತು ವರ್ಷದ ಸ್ನೇಹಿತರು, ಅಷ್ಟೇ ವರ್ಷದಿಂದ ಅವರ ಸುತ್ತೋಲೆಗಳ ವಿರೋಧಪಕ್ಷ.

ಮೂವರು ಎಂಬ ಸಂಖ್ಯೆ ಕಿವಿಗೆ ಬಿದ್ದದ್ದೇ ತಡ, ಬಿಸಿಬೇಳೆಬಾತಿನ ಸಾಲನ್ನು ಅರ್ಧಕ್ಕೇ ಬಿಟ್ಟು ಬಸವಲಿಂಗಪ್ಪನವರು ಬಂದರು.

"ಮೂರು ಮಂದಿ ಅಂದ್ರ ಒಂದು ತಂಡ ಆತು. ತಂಡ ಅಂದ ಮ್ಯಾಲೆ ಒಬ್ಬ ಲೀಡರ್ ಬೇಕಲ್ರೀ?"

ಯಾರೂ ಏನೂ ಹೇಳಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂಬುದು ಕಚೇರಿಯಲ್ಲೂ ನಡೆಯುವ ಪದ್ಧತಿಯಾದ್ದರಿಂದ ಅವರು ಲೀಡರ್ ಆದರು.

ಮರುದಿನವೇ ಹನ್ನೊಂದು ನಿಯಮಗಳ ಸುತ್ತೋಲೆ, ಕೈಬರಹದ್ದು, ಫೋಟೊ ಹೊಡೆದು ವಾಟ್ಸಾಪಿನಲ್ಲಿ ಬಂತು. ಸಾಲಾಗಿ ನಡೆಯಬೇಕು, ಲೀಡರಿನ ಮುಂದೆ ಯಾರೂ ಹೋಗಬಾರದು, ಇತ್ಯಾದಿ. ನಮ್ಮ ಕಥೆಗೆ ಬೇಕಾದದ್ದು ಏಳನೆಯದು: "ತಂತಮ್ಮ ವಸ್ತುಗಳಿಗೆ ತಾವೇ ಜವಾಬ್ದಾರರು. ಮರೆತ ವಸ್ತುವಿಗಾಗಿ ತಂಡವು ಯಾವುದೇ ಕಾರಣಕ್ಕೂ ಹಿಂದಿರುಗತಕ್ಕದ್ದಲ್ಲ." 'ಯಾವುದೇ ಕಾರಣಕ್ಕೂ' ಎಂಬಲ್ಲಿ ಎರಡು ಅಡಿಗೆರೆ ಇತ್ತು.

ಇನ್ನು ಮಂಕಿ ಕ್ಯಾಪಿನ ವಿಷಯ. ಕೋಲ್ಕತ್ತದಲ್ಲಿ ಕಾಳಿ ಪೂಜೆ ಮುಗಿದು ಗಾಳಿ ಒಂದಿಷ್ಟು ಒಣಗಿತೋ ಇಲ್ಲವೋ, ಬಂಗಾಳಿ ಬಾಬುಗಳು ಕಿವಿ, ಕತ್ತು, ಗದ್ದ ಎಲ್ಲ ಮುಚ್ಚುವ ಉಣ್ಣೆಯ ಮಂಕಿ ಕ್ಯಾಪು ಹಾಕಿಕೊಂಡು ಹೊರಡುತ್ತಾರೆ. ಕಚೇರಿಯಲ್ಲಿ ಪಕ್ಕದ ಮೇಜಿನ ಘೋಷಾಲ್ ಬಾಬು ಅದರಲ್ಲಿ ಮೊದಲಿಗರು. "ಠಾಂಡಾ ಲೇಗೆ ಜಾಬೆ, ದಾದಾ!" ಥಂಡಿಯಾದೀತು ಎಂದು ಅವರು ಪ್ರತಿ ವರ್ಷ ಎಚ್ಚರಿಸುತ್ತಾರೆ. "ಇಪ್ಪತ್ತೆರಡು ಡಿಗ್ರಿಗೆ ಇದನ್ನ ಹಾಕ್ಕೊಂಡ್ರ ಹಿಮಾಲಯಕ್ಕ ಹೋದಾಗ ಏನ ಹಾಕ್ಕೋತೀರಿ, ಹಾಸಿಗಿ?" ಎಂದು ಬಸವಲಿಂಗಪ್ಪನವರು ಪ್ರತಿ ವರ್ಷ ನಗುತ್ತಾರೆ. ತಲೆಗೆ ಮಂಕಿ ಕ್ಯಾಪು ಏರಿಸದೆ ಇಪ್ಪತ್ತಾರು ಚಳಿಗಾಲ ಕಳೆದದ್ದು ತಮ್ಮ ಸೇವಾವಧಿಯ ಸಾಧನೆ ಎಂದೇ ಅವರ ಎಣಿಕೆ.

ಹೊರಡುವ ಶುಕ್ರವಾರ ಗಂಗೂಬಾಯಿ ಅವರ ಬ್ಯಾಗಿಗೆ ಒಂದು ಮಂಕಿ ಕ್ಯಾಪು ಹಾಕಿದರು. ಕೆಳಗಿನ ಮನೆಯ ಬಂಗಾಳಿ ಹೆಂಗಸು ಕಾಕಿಮಾ ಹತ್ತಿರ ಹೆಣಿಗೆ ಕಲಿತು, ತಿಂಗಳು ಕೂತು, ಕಂದು ಉಣ್ಣೆಯಲ್ಲಿ ಹೆಣೆದದ್ದು.

"ನಾ ಇದನ್ನ ಹಾಕ್ಕೊಂಡೆ ಅಂತ ಗೊತ್ತಾದ್ರ ಘೋಷಾಲ್ ಬಾಬು ಆಫೀಸಿಗೆಲ್ಲಾ ಸಂದೇಶ್ ಮಿಠಾಯಿ ಹಂಚತಾನ."

"ಹಂಚ್ಲಿ, ನೀವೂ ಒಂದು ತಿನ್ನಿರಂತ. ಥಂಡಿ ಆಗೂದು ಘೋಷಾಲ್ ಬಾಬುನ ಕಿವಿಗಲ್ಲ, ನಿಮ್ಮ ಕಿವಿಗೆ."

ಅವರು ಎದುರಾಡದೆ ಕ್ಯಾಪನ್ನು ಬ್ಯಾಗಿನ ತಳಕ್ಕೆ, ಯಾರ ಕಣ್ಣಿಗೂ ಬೀಳದ ಹಾಗೆ, ಎರಡು ಜೊತೆ ಕಾಲುಚೀಲದ ಅಡಿಗೆ ಇಳಿಸಿದರು.

ಸಿಯಾಲ್ದಾದಿಂದ ರೈಲಿನಲ್ಲಿ ನ್ಯೂ ಜಲ್ಪಾಯ್‌ಗುರಿ, ಅಲ್ಲಿಂದ ಜೀಪಿನಲ್ಲಿ ಧೋತ್ರೆ ಎಂಬ ಹಳ್ಳಿ. ಶನಿವಾರ ಮಧ್ಯಾಹ್ನ ಅಲ್ಲಿ ಚಹಾ ಕುಡಿದು, ಪೇಮಾ ಎಂಬ ಮಾತು ಕಡಿಮೆಯ ಗೈಡನ್ನು ಕರೆದುಕೊಂಡು ನಡಿಗೆ ಶುರುವಾಯಿತು. ಲೀಡರಿನ ಮುಂದೆ ಯಾರೂ ಹೋಗಬಾರದೆಂಬ ನಿಯಮ ಗೈಡಿಗೆ ತಿಳಿದಿರಲಿಲ್ಲವಾದ್ದರಿಂದ ಪೇಮಾ ಮುಂದೆ ಹೋದ.

ಕಾಡಿನ ಏರಿನಲ್ಲಿ ಇಪ್ಪತ್ತು ನಿಮಿಷ ನಡೆದಿರಬಹುದು, ಸಚಿನ್ ತಲೆ ಮುಟ್ಟಿಕೊಂಡ.

"ಸಾರ್, ಟೋಪಿ! ಟೀ ಅಂಗಡಿ ಬೆಂಚ್ ಮೇಲೆ ಬಿಟ್ಬಿಟ್ಟೆ. ಓಡ್ಹೋಗಿ ತಂದ್ಬಿಡ್ತೀನಿ."

ಬಸವಲಿಂಗಪ್ಪನವರು ಜಾಕೀಟಿನ ಜೇಬಿನಿಂದ ಸುತ್ತೋಲೆಯ ಮೂಲಪ್ರತಿ ತೆಗೆದು, ಬಿಡಿಸಿ, ಏಳನೆಯದನ್ನು ಗಟ್ಟಿಯಾಗಿ ಓದಿದರು.

"ಉಣ್ಣೆ ಟೋಪಿ ಕಣಯ್ಯಾ, ಮೇಲ್ಗಡೆ ಗಾಳಿ ಹೇಗಿರುತ್ತೋ ಏನೋ. ಹುಡುಗ ಹತ್ತು ನಿಮಿಷದಲ್ಲಿ ಬರ್ತಾನೆ" ಎಂದರು ನರಸಿಂಹಮೂರ್ತಿಗಳು.

"ಇವತ್ತ ಟೊಪಿಗಿ ಅಂತ ಬಿಟ್ರ ನಾಳೆ ಚಪ್ಪಲಿ ಅಂತೀರಿ. ನಿಯಮ ಅಂದ್ರ ನಿಯಮ. ನಡೀರಿ."

ಸಚಿನ್ ಒಂದು ಗಮ್ಛಾವನ್ನು ತಲೆಗೆ ಸುತ್ತಿಕೊಂಡ. ತೆಳ್ಳನೆಯ ಬಂಗಾಳಿ ಟವಲು ಅದು, ಬೆವರು ಒರೆಸಲು ಹುಟ್ಟಿದ್ದು. ಟೊಂಗ್ಲು ಬೆಟ್ಟದ ಬೋಳು ನೆತ್ತಿಗೆ ಬಂದಾಗ ನೇಪಾಳದ ಕಡೆಯಿಂದ ಬೀಸಿದ ಗಾಳಿಗೆ ಅದು ಹಾರಾಡಿತೇ ಹೊರತು ಕಿವಿ ಮುಚ್ಚಲಿಲ್ಲ. ಹುಡುಗನ ಕಿವಿ ಕೆಂಪಾಗಿ, ಆಮೇಲೆ ಒಂದು ತರಹ ನೀಲಿಯಾಗಿ, ಹುಡುಗ ಮಾತಾಡುವುದನ್ನು ನಿಲ್ಲಿಸಿದ. ಬಸವಲಿಂಗಪ್ಪನವರ ಬೆನ್ನಿನ ಬ್ಯಾಗಿನ ತಳದಲ್ಲಿ, ಕಾಲುಚೀಲದ ಅಡಿಯಲ್ಲಿ, ಆ ಕಂದು ಕ್ಯಾಪು ಇತ್ತು. ಅವರಿಗೆ ಅದು ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ಸಲ ನೆನಪಾಯಿತು. ಆದರೆ ಕೊಡಬೇಕೆಂದರೆ ತೆಗೆಯಬೇಕು, ತೆಗೆದರೆ ನರಸಿಂಹಮೂರ್ತಿಗಳು ನೋಡುತ್ತಾರೆ, ನೋಡಿದರೆ ಸಂಘ ಇರುವವರೆಗೂ ಆ ಮಾತು ಇರುತ್ತದೆ. ಅವರದೇ ಕಿವಿಗಳೂ ಉರಿಯುತ್ತಿದ್ದವು. ಅವನ್ನು ಅಂಗೈಯಿಂದ ಮುಚ್ಚಿಕೊಂಡು, ಪ್ರಕೃತಿಯ ಸದ್ದು ಆಲಿಸುತ್ತಿರುವವರ ಹಾಗೆ ನಡೆದರು.

ತುಮ್ಲಿಂಗ್ ಎಂದರೆ ಬೆಟ್ಟದ ಬೆನ್ನ ಮೇಲೆ ನಾಲ್ಕಾರು ಮನೆ. ಅದರಲ್ಲೊಂದು ಮನೆಯಲ್ಲಿ ಉಳಿಯುವ ಏರ್ಪಾಡಾಗಿತ್ತು. ಮನೆಯೊಡತಿಗೆ ಅರವತ್ತೈದಾದರೂ ಆಗಿದ್ದೀತು. ಎಲ್ಲರೂ ಆಮಾ ಎನ್ನುತ್ತಿದ್ದರು, ಅಲ್ಲಿಯ ಮಾತಿನಲ್ಲಿ ಅಮ್ಮ. ಯಜಮಾನರು ಚಮರೀಮೃಗದ ತಳಿಯ ಚೌರಿ ದನ ಮೇಯಿಸುವವರು. ಕತ್ತಿನಲ್ಲಿ ದಾರಕ್ಕೆ ಕಟ್ಟಿದ ಪುಟ್ಟ ಬೆಳ್ಳಿಯ ಡಬ್ಬಿ. ಒಲೆಯ ಮುಂದೆ ಎಲ್ಲರನ್ನೂ ಕೂರಿಸಿ, ಸಚಿನನ ಕಿವಿ ನೋಡಿ ಏನೋ ಬೈದು, ಬಿಸಿ ಮಾಡಿದ ಬಟ್ಟೆ ಒತ್ತಿದರು. ಬಸವಲಿಂಗಪ್ಪನವರು ಆಚೆ ನೋಡಿದರು.

ಈಗ ಬೆಳಗಿನ ಪೂಜೆಗೆ ಬರೋಣ. ಎಂಟನೆಯ ವಯಸ್ಸಿನಲ್ಲಿ ದೀಕ್ಷೆಯಾದಾಗ ಊರ ಮಠದ ಸ್ವಾಮಿಗಳು ಅಂಗೈಯಲ್ಲಿಟ್ಟ ಇಷ್ಟಲಿಂಗ, ಬೆಳ್ಳಿಯ ಕರಡಿಗೆಯಲ್ಲಿ, ಶಿವದಾರದಲ್ಲಿ, ನಲವತ್ತೆಂಟು ವರ್ಷದಿಂದ ಬಸವಲಿಂಗಪ್ಪನವರ ಎದೆಯ ಮೇಲಿದೆ. ಅವತ್ತು ದಾರಕ್ಕೆ ಗಂಟು ಹಾಕಿದವರು ತಾಯಿ. "ಮೈಮ್ಯಾಲೆ ಲಿಂಗಪ್ಪ ಇಲ್ಲದ ತುತ್ತು ಇಳಿಸಬ್ಯಾಡ ತಮ್ಮಾ, ಹನಿ ನೀರು ಸೈತ" ಎಂದಿದ್ದರು. ತಾಯಿ ಹೋಗಿ ಹದಿನಾಲ್ಕು ವರ್ಷವಾಯಿತು. ಬಸವಲಿಂಗಪ್ಪನವರ ಬದುಕಿನಲ್ಲಿ ಅವರೇ ಬರೆಯದ, ಆದರೆ ಒಂದು ದಿನವೂ ಮುರಿಯದ ನಿಯಮ ಇದೊಂದೇ. ಚಹಾ ಕುಡಿಯುವ ಮೊದಲು ಕೂಡ ಅಂಗಿಯ ಮೇಲಿಂದ ಕರಡಿಗೆ ಮುಟ್ಟಿಕೊಳ್ಳುವುದು ರೂಢಿ.

ಭಾನುವಾರ ನಸುಕಿಗೆ ಎದ್ದು, ಆಮಾ ಕೊಟ್ಟ ಅರ್ಧ ಬಕೆಟ್ ಬಿಸಿನೀರಿನಲ್ಲಿ ಮೈ ತೊಳೆದುಕೊಂಡರು. ಮನೆಯಲ್ಲಾದರೆ ಬರಿಮೈಯಲ್ಲಿ ಪೂಜೆ, ಪೂಜೆ ಮುಗಿದ ಕೂಡಲೇ ಲಿಂಗ ಕೊರಳಿಗೆ, ಆಮೇಲೆ ಅಂಗಿ. ಇಲ್ಲಿ ಗಾಜಿನ ಮೇಲೆ ಮಂಜು ಹೆಪ್ಪುಗಟ್ಟಿತ್ತು. ಮೊದಲು ಬನಿಯನ್ನು, ಥರ್ಮಲ್ಲು, ಸ್ವೆಟರು ಏರಿಸಿ ಆಮೇಲೆ ಪೂಜೆಗೆ ಕೂತರು. ಮರದ ಕಿಟಕಿಕಟ್ಟೆಯ ಮೇಲೆ ಕರಡಿಗೆ ಇಡಲು ಶುದ್ಧವಾದದ್ದೇನಾದರೂ ಬೇಕಿತ್ತು. ಬ್ಯಾಗು ತಡಕಿದರೆ ಒಮ್ಮೆಯೂ ತೊಡದ, ಹೊಸ ಉಣ್ಣೆಯ ಮಂಕಿ ಕ್ಯಾಪು. ಊರಲ್ಲಿ ದೇವರಿಗೆ ಕಂಬಳಿಯ ಗದ್ದುಗೆ ಹಾಸುವುದಿಲ್ಲವೇ? ಇದೂ ಉಣ್ಣೆಯೇ. ಅಂತೂ ಒಂದು ಸತ್ಕಾರ್ಯಕ್ಕೆ ಬಂತೆಂದು ಅದನ್ನು ಮಡಿಚಿ ಹಾಸಿದರು. ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮುಗಿಸಿ, ಕರಡಿಗೆಗೆ ಇಳಿಸಿ ಮುಚ್ಚಿ ಗದ್ದುಗೆಯ ಮೇಲಿಟ್ಟರು. ಇನ್ನೇನು ಕೊರಳಿಗೆ ಹಾಕಿಕೊಳ್ಳಬೇಕು, ಹೊರಗಿನಿಂದ ಸಚಿನನ ಕೂಗು.

"ಸಾರ್! ಬೇಗ ಬನ್ನಿ! ಫುಲ್ ಓಪನ್ ಆಗಿದೆ!"

ಮೋಡ ಸರಿದು ಕಾಂಚನಜುಂಗಾ ಕಂಡಿತ್ತು. ಹಿಮದ ಶಿಖರಗಳೆಲ್ಲ ಸೇರಿ ಅಂಗಾತ ಮಲಗಿದ ಬುದ್ಧನ ಹಾಗೆ ಕಾಣುತ್ತವೆಂದು ಅಲ್ಲಿಯವರು ಹೇಳುತ್ತಾರೆ. ಲೀಡರ್ ಇಲ್ಲದೆ ತಂಡ ಶಿಖರಗಳನ್ನು ನೋಡುವುದೆಂದರೇನು? ಬಸವಲಿಂಗಪ್ಪನವರು ಕ್ಯಾಪಿನ ಅಂಚನ್ನು ಕರಡಿಗೆಯ ಮೇಲೆ ಮಡಿಚಿ ಮುಚ್ಚಿ, ಜಾಕೀಟು ಏರಿಸಿ ಓಡಿದರು. ಅರ್ಧ ಗಂಟೆ ಕೈಮಾಡಿ ತೋರಿಸಿ ಬುದ್ಧನ ತಲೆ, ಹೊಟ್ಟೆ, ಪಾದಗಳನ್ನು ಪರಿಚಯಿಸಿದರು. ತಲೆಯೆಂದು ತೋರಿಸಿದ್ದು ಪಾದವಾಗಿತ್ತು. ಶೋಭನಾ ಟೀಚರು "ಹೌದಾ ಸಾರ್" ಎಂದು ಸುಮ್ಮನಿದ್ದರು. ಆಮೇಲೆ ಗುಂಪಿನ ಫೋಟೊ. ಆಮೇಲೆ ಒಲೆಯ ಪಕ್ಕ ಬಿಸಿಬಿಸಿ ಆಲೂ ಪರೋಟ. ಎರಡು ತಿಂದರು. ಕೈಗಳೆರಡೂ ತಟ್ಟೆಯಲ್ಲಿ, ಬಾಯಿ ಭಾಷಣದಲ್ಲಿ. ಎದೆ ಮುಟ್ಟಿಕೊಳ್ಳುವುದು ಅಂದು ತಪ್ಪಿತು.

ಬ್ಯಾಗು ಕಟ್ಟಲು ಬಂದಾಗ ಕಿಟಕಿಕಟ್ಟೆಯ ಮೇಲೆ ಮಡಿಚಿದ ಮಂಕಿ ಕ್ಯಾಪು ಕಂಡಿತು. ಕೊರೆವ ಚಳಿಗೆ ಕೈಗವಸು ತೊಟ್ಟಿದ್ದರು. ಅಂಗಳದಲ್ಲಿ ಉಳಿದವರು ಬೂಟಿನ ದಾರ ಬಿಗಿಯುತ್ತಿದ್ದರು. ಬಸವಲಿಂಗಪ್ಪನವರಿಗೆ ಒಂದು ಉದಾತ್ತ ಯೋಚನೆ ಬಂತು. ಕ್ಯಾಪನ್ನು ಸುರುಳಿ ಸುತ್ತಿ, ಹಿತ್ತಿಲ ಬಾಗಿಲಿನಿಂದ ಅಡುಗೆಮನೆಗೆ ಹೋಗಿ, ಆಮಾ ಕೈಗಿಟ್ಟು, "ಇದು ನಿಮ್ಮ ಯಜಮಾನರಿಗೆ, ನಮ್ಮ ತಂಡದ ನೆನಪಿಗೆ" ಎಂದು ಹಿಂದಿಯಲ್ಲಿ ಸಣ್ಣದೊಂದು ಭಾಷಣ ಮಾಡಿದರು. ದಾನದ ಪುಣ್ಯ ಬಂತು, ಸಾಕ್ಷ್ಯ ನಾಶವಾಯಿತು. ಒಳಗೆ ಇದ್ದದ್ದೇನೆಂದು ಓದುವ ನಿಮಗೆ ಗೊತ್ತು. ಅವರಿಗೆ ಆ ಹೊತ್ತಿಗೆ ಗೊತ್ತಿರಲಿಲ್ಲ.

ಅಂಗಳಕ್ಕೆ ಬಂದು ನಿಂತು ಕೈ ತಟ್ಟಿದರು.

"ಎಲ್ಲಾರೂ ನೋಡ್ಕೋರಿ. ಮೊಬೈಲ್, ಚಾರ್ಜರ್, ಕನ್ನಡಕ. ಏನರ ಮರೆತು ಆಮ್ಯಾಲೆ ನನ್ನ ಮುಂದ ಅಳಬ್ಯಾಡ್ರಿ. ಏಳನೇ ನಿಯಮ."

ಇಳಿಯುವ ದಾರಿ ಬೇರೆ. ಮೇಘ್ಮಾ, ಲಾಮೇಧುರಾ, ಚಿತ್ರೆ, ಕೊನೆಗೆ ಮಾನೇಭಂಜಾಂಗ್. ಅಲ್ಲಿ ಮೂರು ಗಂಟೆಗೆ ಜೀಪಿಗೆ ಹೇಳಿಟ್ಟಿದ್ದರು. ಅದು ತಪ್ಪಿದರೆ ಸಂಜೆಯ ರೈಲೂ ತಪ್ಪಿದಂತೆ. ಸೋಮವಾರ ಸಚಿನನಿಗೆ ಆಫೀಸು, ಶೋಭನಾ ಟೀಚರಿಗೆ ಪರೀಕ್ಷೆಯ ಡ್ಯೂಟಿ, ನರಸಿಂಹಮೂರ್ತಿಗಳಿಗೆ ಮಂಡಿಯ ಡಾಕ್ಟರು. ಹತ್ತೂವರೆಗೆ ಲಾಮೇಧುರಾದ ಚಹಾದಂಗಡಿ ಬಂತು. ಮಂಜು ಇಳಿದು ಹತ್ತು ಮಾರು ಆಚೆಗಿನದೂ ಕಾಣುತ್ತಿರಲಿಲ್ಲ. ಪೇಮಾ ಒಳಗೆ ಒಲೆಯ ಬಳಿ ಕೂತ, ಹೊರಗೆ ಇವರಿಗೆ ನಾಲ್ಕು ಗ್ಲಾಸು ಚಹಾ ಬಂತು. ಬಸವಲಿಂಗಪ್ಪನವರು ಕೈಗವಸು ಕಳಚಿ, ಎಡಗೈಯಲ್ಲಿ ಗ್ಲಾಸು ಹಿಡಿದು, ರೂಢಿಯಂತೆ ಬಲಗೈಯನ್ನು ಎದೆಗೆ ಒಯ್ದರು.

ಎದೆಯ ಮೇಲೆ ಎದೆಯೇ ಇತ್ತು.

ಜಾಕೀಟಿನ ಜಿಪ್ಪು ಎಳೆದರು. ಸ್ವೆಟರಿನೊಳಗೆ ಕೈ ಹಾಕಿದರು. ಕತ್ತಿನ ಸುತ್ತ ಬೆರಳಾಡಿಸಿದರು. ಆಮೇಲೆ ಗ್ಲಾಸನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟರು. ಕಿಟಕಿಕಟ್ಟೆ, ಗದ್ದುಗೆ, ಸಚಿನನ ಕೂಗು, ಅಡುಗೆಮನೆ, ತಮ್ಮದೇ ಭಾಷಣ, ಎಲ್ಲ ಒಂದರ ಹಿಂದೆ ಒಂದು ನೆನಪಿಗೆ ಬಂದವು. ಎರಡು ಪರೋಟಗಳೂ ನೆನಪಾದವು. ನಲವತ್ತೆಂಟು ವರ್ಷದಲ್ಲಿ ಮೊದಲ ಸಲ ಲಿಂಗವಿಲ್ಲದ ಮೈಯಲ್ಲಿ ಉಂಡಿದ್ದರು. ಉಂಡು, ಲಿಂಗವನ್ನು ದಾನ ಮಾಡಿ ಬಂದಿದ್ದರು.

"ಎಂತ ಸಾರ್, ಚಾ ತಣ್ಣಗಾಗ್ತದೆ" ಎಂದರು ಶೋಭನಾ ಟೀಚರು.

"ಹಸಿವಿಲ್ಲ."

"ಚಾಕ್ಕೆ ಹಸಿವು ಯಾಕೆ ಮಾರಾಯ್ರೇ?"

ಬಸವಲಿಂಗಪ್ಪನವರು ಮಂಜಿನೊಳಗೆ ಮೇಲಿನ ದಾರಿಯ ಕಡೆ ನೋಡಿದರು. ಮನಸ್ಸಿನಲ್ಲಿ ಒಂದು ಲೆಕ್ಕಾಚಾರ ನಡೆದಿತ್ತು. ಏನಾದರೂ ನೆಪ ಹೇಳಿ ಇವರನ್ನು ಮುಂದೆ ಕಳಿಸಿ, ಒಬ್ಬರೇ ಹತ್ತಿ ಹೋದರೆ? ಮಂಜಿನಲ್ಲಿ ದಾರಿ ಸಿಕ್ಕೀತೇ? ನಿಜ ಹೇಳೋಣವೆಂದರೆ ಲಿಂಗದ ಮಾತಿನ ಹಿಂದೆಯೇ ಕ್ಯಾಪಿನ ಮಾತೂ ಬರುತ್ತದೆ, ಕ್ಯಾಪಿನ ಹಿಂದೆ ಸಚಿನನ ಕಿವಿ. ಯಾವ ಬಾಯಿಂದ ಹೇಳುವುದು?

ನರಸಿಂಹಮೂರ್ತಿಗಳು ಇಪ್ಪತ್ತು ವರ್ಷದಿಂದ ಈ ಮನುಷ್ಯನ ಜೊತೆ ಚಹಾ ಕುಡಿದಿದ್ದರು. ಪ್ರತಿ ಗ್ಲಾಸಿನ ಮೊದಲು ಆ ಕೈ ಎಲ್ಲಿಗೆ ಹೋಗುತ್ತದೆಂದು ನೋಡಿದ್ದರು. ಹತ್ತಿರ ಸರಿದು ತಗ್ಗಿದ ದನಿಯಲ್ಲಿ ಕೇಳಿದರು.

"ಎಲ್ಲಿ ಬಿಟ್ಟೆ?"

ಇಷ್ಟು ಕೇಳಿದ್ದೇ ಬಸವಲಿಂಗಪ್ಪನವರು ಬಾಯಿ ಬಿಟ್ಟರು. ಎಲ್ಲ ಹೇಳಿದರು. ಪೂಜೆ, ಗದ್ದುಗೆ, ದಾನ. ಕ್ಯಾಪು ಹಿಂದಿನ ದಿನ ಪೂರ್ತಿ ಬ್ಯಾಗಿನಲ್ಲೇ ಇತ್ತೆಂಬುದನ್ನೂ, ಯಾರೂ ಕೇಳದಿದ್ದರೂ, ಹೇಳಿದರು.

ಸಚಿನ್ ತನ್ನ ಕಿವಿ ಮುಟ್ಟಿ ನೋಡಿಕೊಂಡ.

"ಸಾರ್... ಮಂಕಿ ಕ್ಯಾಪ್ ಇತ್ತಾ? ನಿಮ್ಮ ಹತ್ರಾನೇ ಇತ್ತಾ?"

"ಇತ್ತಪಾ. ತಪ್ಪಾತು."

"ಸಾರ್, ನಾನು ರಾತ್ರಿಯೆಲ್ಲ ಕಿವಿ ಉದುರೋಗತ್ತೆ ಅಂತ ಹೆದ್ರಿಕೊಂಡ್ ಮಲಗಿದ್ದೆ!" ಎಂದು ನಕ್ಕು, ಬಸವಲಿಂಗಪ್ಪನವರ ಮುಖ ನೋಡಿ ನಗು ನಿಲ್ಲಿಸಿದ. ತುಟಿಗೆ ಒಯ್ದಿದ್ದ ಗ್ಲಾಸನ್ನು ಇಳಿಸಿ ಅವರ ಗ್ಲಾಸಿನ ಪಕ್ಕ ಇಟ್ಟ. "ಆಯ್ತು, ನಡೀರಿ. ಮೇಲಕ್ಕೆ."

ಶೋಭನಾ ಟೀಚರ ಗ್ಲಾಸೂ ಬೆಂಚಿಗೆ ಬಂತು. ನರಸಿಂಹಮೂರ್ತಿಗಳದು ಆಗಲೇ ಬಂದಿತ್ತು.

"ಬ್ಯಾಡ್ರಿ, ನೀವು ಕುಡೀರಿ. ನೀವು ಕುಡದು ಕೆಳಗ ಹೋಗ್ರಿ. ಜೀಪ್ ತಪ್ಪತೈತಿ, ಟ್ರೇನ್ ತಪ್ಪತೈತಿ. ನಾ ಪೇಮಾನ್ನ ಕರ್ಕೊಂಡು ಹೋಗಿ ಬರ್ತೀನಿ. ನಿಯಮ..."

"ಕೊಡಿಲ್ಲಿ" ಎಂದು ನರಸಿಂಹಮೂರ್ತಿಗಳು ಅವರ ಜಾಕೀಟಿನ ಜೇಬಿಗೆ ಕೈ ಹಾಕಿ ಸುತ್ತೋಲೆ ತೆಗೆದರು. ಒಂದು ಕಾಲು ಗಿಡ್ಡವಾದ ಅಂಗಡಿಯ ಬೆಂಚು ಇವರು ಬಂದಾಗಿನಿಂದ ಕುಲುಕುತ್ತಿತ್ತು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಆ ಕಾಲಿನ ಅಡಿಗೆ ತುರುಕಿ, ಬೆಂಚು ಅಲ್ಲಾಡಿಸಿ ನೋಡಿದರು. "ಹಾ. ಈಗ ಉಪಯೋಗಕ್ಕೆ ಬಂತು."

"ಅಲ್ಲೋ ಮೂರ್ತಿ, ನಿನ್ನ ಮಂಡಿ?"

"ಇಳಿಯೋಕೆ ನೋವು ಕಣಯ್ಯಾ, ಹತ್ತೋಕಲ್ಲ. ನಿನ್ನಿಂದ ನನಗೆ ಉಪಕಾರವೇ ಆಯ್ತು."

ಶೋಭನಾ ಟೀಚರು ಪೇಮಾನ ಜೊತೆ ಹಿಂದಿಯಲ್ಲಿ ಎರಡು ಮಾತಾಡಿ ಬಂದರು. ಮೋಡ ಕೂತಾಗ ತುಮ್ಲಿಂಗಿನಲ್ಲಿ ಫೋನು ಹತ್ತುವುದಿಲ್ಲ. ಒಳದಾರಿಯಿಂದ ಹೋದರೆ ಎರಡು ಗಂಟೆ. "ಟ್ರೇನ್ ನಾಳೆಯೂ ಉಂಟು ಸಾರ್. ಇದು ಇನ್ನೊಂದು ಉಂಟಾ?" ಎಂದು ಕೇಳಿ, ಮೊದಲ ಬಾರಿಗೆ ಲೀಡರಿಗಿಂತ ಮುಂದೆ ನಡೆದರು. ಅವರ ನಡಿಗೆ ನೋಡಿದಾಗ, ಈ ಹೆಂಗಸು ಈ ಬೆಟ್ಟಕ್ಕೆ ಹೊಸಬರಲ್ಲ ಎಂದು ಬಸವಲಿಂಗಪ್ಪನವರಿಗೆ ಹೊಳೆಯಿತು. ಬುದ್ಧನ ಪಾದವೂ ನೆನಪಾಗಿ ನಾಚಿಕೆಯಾಯಿತು.

ಸಚಿನ್ ಕೇಳದೆಯೇ ಅವರ ಬ್ಯಾಗನ್ನು ಎದೆಯ ಮೇಲೆ ಹಾಕಿಕೊಂಡ. ಬೆನ್ನಿಗೆ ತನ್ನದು, ಎದೆಗೆ ಅವರದು.

"ಬ್ಯಾಡಪಾ, ಭಾರ ಆಕ್ಕೈತಿ."

"ಗಂಜಿ ಕುಡಿದಿದೀನಿ ಸಾರ್. ವಿಧಾನ ಓದ್ಕೊಂಡು."

ಮಂಜಿನಲ್ಲಿ ಮುಂದಿನವರ ಬೂಟಿನ ಸದ್ದೇ ದಾರಿ. ಬಸವಲಿಂಗಪ್ಪನವರ ಬಾಯಿ ಒಣಗಿತ್ತು. ನೀರಿನ ಬಾಟಲಿ ಸೊಂಟದಲ್ಲೇ ಇತ್ತು, ಮುಟ್ಟಲಿಲ್ಲ. ಉಳಿದ ಮೂವರೂ ತಮ್ಮ ಬಾಟಲಿ ಮುಟ್ಟುತ್ತಿಲ್ಲ ಎಂಬುದು ಅವರಿಗೆ ಕಾಣಿಸಿತು. ಯಾರೂ ಅದನ್ನು ತೀರ್ಮಾನಿಸಿರಲಿಲ್ಲ, ಯಾವ ಸುತ್ತೋಲೆಯೂ ಹೊರಟಿರಲಿಲ್ಲ. ಅವರಲ್ಲಿ ಒಬ್ಬರೂ ಲಿಂಗ ಕಟ್ಟಿಕೊಂಡವರಲ್ಲ. ಇಪ್ಪತ್ತಾರು ವರ್ಷ ತಾವು ಕೋಲ್ಕತ್ತದಲ್ಲಿ ಎಲ್ಲರನ್ನೂ ನಡೆಸುತ್ತಿದ್ದೇವೆಂದುಕೊಂಡದ್ದು ಎಷ್ಟು ನಿಜವೋ ಎಂದು ಬಸವಲಿಂಗಪ್ಪನವರಿಗೆ ಅಂದು ಅನುಮಾನ ಬಂತು. ಆಮಾ ಯಜಮಾನರು ಕ್ಯಾಪನ್ನು ತೊಟ್ಟು ಚೌರಿ ದನಗಳ ಹಿಂದೆ ಕಣಿವೆಗೆ ಇಳಿದುಬಿಟ್ಟಿದ್ದರೆ? ಕರಡಿಗೆ ಹುಲ್ಲಿನಲ್ಲಿ ಎಲ್ಲೋ ಜಾರಿ ಬಿದ್ದಿದ್ದರೆ? ತಾಯಿ ಹಾಕಿದ ಗಂಟು ಯಾವ ಪೊದೆಯಲ್ಲಿ ಸಿಕ್ಕಿಕೊಂಡಿದೆಯೋ. ಕಣ್ಣು ಮಂಜಾಯಿತು. ಮಂಜು ಹೇಗೂ ಇತ್ತು, ಯಾರಿಗೂ ತಿಳಿಯಲಿಲ್ಲ.

ಮೇಘ್ಮಾದ ಹತ್ತಿರ ಬಂದಾಗ ಮೇಲಿನಿಂದ ಚಪ್ಪಲಿಯ ಪಟಪಟ ಸದ್ದು ಕೇಳಿಸಿತು. ಯಾರೋ ಕೂಗುತ್ತಿದ್ದರು. ಪೇಮಾ ತಿರುಗಿ ಕೂಗಿದ. ಮಂಜಿನಿಂದ ಮೊದಲು ಒಂದು ಕೆಂಪು ಶಾಲು, ಆಮೇಲೆ ಆಮಾ ಹೊರಬಂದರು. ರಬ್ಬರು ಚಪ್ಪಲಿ, ಕಾಲಿಗೆ ಚೀಲವಿಲ್ಲ, ಏದುಸಿರೂ ಇಲ್ಲ. ಎದೆಗೆ ಎರಡೂ ಕೈಯಿಂದ ಅವಚಿಕೊಂಡಿದ್ದದ್ದು ಕಂದು ಉಣ್ಣೆಯ ಗಂಟು.

ನೇರವಾಗಿ ಬಸವಲಿಂಗಪ್ಪನವರ ಮುಂದೆ ಬಂದು ನಿಂತು ಹಿಂದಿಯಲ್ಲಿ ಬೈದರು.

"ದೇವರನ್ನ ಯಾರಾದರೂ ದಾನ ಕೊಡುತ್ತಾರೇನಪ್ಪಾ? ಬುದ್ಧಿ ಇದೆಯಾ ನಿನಗೆ?"

ಬಸವಲಿಂಗಪ್ಪನವರನ್ನು ಕಚೇರಿಯಲ್ಲಾಗಲಿ ಸಂಘದಲ್ಲಾಗಲಿ ಯಾರೂ ಹೀಗೆ ಕೇಳಿರಲಿಲ್ಲ. ಕೇಳಬೇಕೆಂದುಕೊಂಡವರು ಬಹಳ ಮಂದಿ ಇದ್ದರು.

"ಡಬ್ಬಿ ತೆಗೆದು ನೋಡಲಿಲ್ಲ ನಾನು" ಎಂದು ಆಮಾ ದನಿ ತಗ್ಗಿಸಿದರು. "ಟೋಪಿ ಬಿಡಿಸಿದೆ, ಡಬ್ಬಿ ಕಂಡಿತು, ದಾರ ಕಂಡಿತು. ಗೊತ್ತಾಯಿತು." ತಮ್ಮ ಕತ್ತಿನ ಬೆಳ್ಳಿ ಡಬ್ಬಿಯನ್ನು ಎತ್ತಿ ತೋರಿಸಿದರು. "ನನ್ನದರಲ್ಲೂ ದೇವರಿದ್ದಾನೆ. ನನ್ನ ಅಮ್ಮ ಕಟ್ಟಿದ್ದು. ಇದು ಕಳೆದರೆ ನನಗೆ ಅನ್ನ ಸೇರುತ್ತದಾ?"

ಭಾಷಣಕ್ಕೆ ಇಷ್ಟು ಒಳ್ಳೆಯ ಸಂದರ್ಭ ಬಸವಲಿಂಗಪ್ಪನವರ ಜೀವನದಲ್ಲಿ ಬಂದಿರಲಿಲ್ಲ, ಒಂದು ವಾಕ್ಯವೂ ಹುಟ್ಟಲಿಲ್ಲ. ಬಗ್ಗಿ ಆಮಾ ಪಾದ ಮುಟ್ಟಿದರು. ಎದ್ದು, ದಾರಿಬದಿಯ ಒರತೆಯಲ್ಲಿ ಕೈ ತೊಳೆದು, ಬಾಯಿ ಮುಕ್ಕಳಿಸಿ, ಜಾಕೀಟು, ಸ್ವೆಟರು, ಥರ್ಮಲ್ಲು ಒಂದೊಂದಾಗಿ ಕಳಚಿದರು. ಅಂಥ ಗಾಳಿಯಲ್ಲಿ ಬರಿಮೈಯಲ್ಲಿ ಕೂತು ಲಿಂಗವನ್ನು ಅಂಗೈಗೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಬಹಳ ಹೊತ್ತು ಹಾಗೇ ಹಿಡಿದಿದ್ದರು. ಉಳಿದವರು ಯಾರೂ ಹೇಳದೆಯೇ ಬೆನ್ನು ತಿರುಗಿಸಿ, ಏನೂ ಕಾಣದ ಕಣಿವೆಯನ್ನು ನೋಡುತ್ತ ನಿಂತರು.

ಶಿವದಾರ ಕೊರಳಿಗೆ ಬಿದ್ದು, ಅಂಗಿಗಳೆಲ್ಲ ಮರಳಿ ಮೈಮೇಲೆ ಬಂದ ಮೇಲೆ ಮೇಘ್ಮಾದ ಅಂಗಡಿಯಲ್ಲಿ ಆರು ಗ್ಲಾಸು ಚಹಾ ಹೇಳಿದರು. ಬಸವಲಿಂಗಪ್ಪನವರ ಬಲಗೈ ಎದೆಗೆ ಹೋಯಿತು. ಐದು ಜನ ಆ ಕೈಯನ್ನೇ ನೋಡಿದರು. ಕೈ ಸಿಗಬೇಕಾದದ್ದನ್ನು ಮುಟ್ಟಿ ಕೆಳಗಿಳಿಯಿತು. ಆಮೇಲೆ ಎಲ್ಲರೂ ಕುಡಿದರು.

ಕ್ಯಾಪನ್ನು ಅವರು ಮತ್ತೆ ಆಮಾ ಕೈಗೆ ಕೊಡಹೋದರು. ಆಮಾ ಬೇಡವೆಂದರು. ಯಜಮಾನರಿಗೆ ಮೂರು ಟೋಪಿ ಇವೆಯಂತೆ. ಬದಲಿಗೆ ಅದನ್ನು ಬಿಡಿಸಿ, ಎರಡೂ ಕೈಯಿಂದ ಹಿಗ್ಗಿಸಿ, ಶಾಲೆಗೆ ಹೊರಟ ಮಗುವಿಗೆ ಹಾಕುವ ಹಾಗೆ ಬಸವಲಿಂಗಪ್ಪನವರ ತಲೆಗೇ ಎಳೆದು, ಗದ್ದದ ಕೆಳಗೆ ಸರಿಮಾಡಿದರು. ಅವರು ಸುಮ್ಮನೆ ತಲೆ ಕೊಟ್ಟರು. ಕಿವಿ ಬೆಚ್ಚಗಾಯಿತು. ಇಷ್ಟು ಬೆಚ್ಚಗಿರುತ್ತದೆಂದು ಘೋಷಾಲ್ ಬಾಬು ಒಮ್ಮೆಯಾದರೂ ಬಿಡಿಸಿ ಹೇಳಬಾರದಿತ್ತೇ?

"ಸಾರ್, ಹಾಗೇ ಇರಿ. ಒಂದು ಫೋಟೊ" ಎಂದ ಸಚಿನ್.

"ತಗೋ. ಆದ್ರ ಒಂದಽ." ಕ್ಲಿಕ್ ಆದ ಮೇಲೆ ಅವರು ಕ್ಯಾಪು ಕಳಚಿ ಹುಡುಗನ ತಲೆಗೆ ಇಳಿಸಿದರು. "ನಿನ್ನೆ ಕೊಡಬೇಕಾಗಿತ್ತು. ಮನೀ ತನಕಾ ತೆಗೀಬ್ಯಾಡ."

ಜೀಪು ಹೊರಡುವ ಮುನ್ನ ಹೇಗೋ ಇಳಿದರು. ನರಸಿಂಹಮೂರ್ತಿಗಳ ಮಂಡಿ ನಿಜಕ್ಕೂ ನೋಯುತ್ತಿತ್ತು. ಅವರ ಒಂದು ಕೈ ಬಸವಲಿಂಗಪ್ಪನವರ ಹೆಗಲ ಮೇಲಿತ್ತು. ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ಇವರಿಬ್ಬರು. ಹನ್ನೊಂದರಲ್ಲಿ ಒಂದೂ ನಿಯಮ ಉಳಿಯಲಿಲ್ಲ.

ಮಾನೇಭಂಜಾಂಗಿನಲ್ಲಿ ನೆಟ್‌ವರ್ಕ್ ಸಿಕ್ಕ ಕೂಡಲೇ ಅವರು ಗಂಗೂಬಾಯಿಗೆ ಫೋನು ಮಾಡಿದರು.

"ಟೊಪಿಗಿ ಹಾಕ್ಕೊಂಡ್ರೋ ಇಲ್ಲೋ?" ಇದು ಆಕೆಯ ಮೊದಲ ಪ್ರಶ್ನೆ.

ಅವರು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಬಚ್ಚಿಟ್ಟದ್ದು, ಕೊಟ್ಟದ್ದು, ಬೈಸಿಕೊಂಡದ್ದು. ಆಚೆ ಕಡೆಯಿಂದ ಮೂಗೊರೆಸಿಕೊಂಡ ಸದ್ದು ಬಂತು.

"ಗಂಗಾ?"

"ಅಲ್ರೀ, ಆ ಯವ್ವ ಚಪ್ಪಲಿ ಮ್ಯಾಲೆ ಓಡಿ ಬಂದಾಳಂದ್ರ..." ದನಿ ನಡುಗಿತ್ತು. "ಆಕಿಗೆ ಒಂದು ಹೆಣೀತೀನಿ. ಕೆಂಪಂದು. ಉಣ್ಣಿ ಐತಿ ಮನ್ಯಾಗ. ಆಕಿ ತಲಿ ಎಷ್ಟು ದೊಡ್ಡದೈತಿ?"

"ನೋಡಲಿಲ್ಲ."

"ಹೋಗ್ಲಿ, ಹೆಸರೇನು? ಪಾರ್ಸಲ್ ಮ್ಯಾಲೆ ಬರೀಬೇಕಲ್ಲ."

ತಂಡದ ನಾಲ್ವರ ರಕ್ತದ ಗುಂಪನ್ನೂ ಬರೆದಿಟ್ಟುಕೊಂಡಿದ್ದ ಬಸವಲಿಂಗಪ್ಪನವರು ಫೋನು ಕೈಯಲ್ಲಿ ಹಿಡಿದು ನಿಂತುಬಿಟ್ಟರು. ಅವರು ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಪೇಮಾನನ್ನು ಕರೆದು ಕೇಳಿದರು. ಅವನು ಸ್ವಲ್ಪ ಯೋಚಿಸಿ, ತಾನು ಹುಟ್ಟಿದಾಗಿನಿಂದ ಆಮಾ ಅಂತಲೇ ಕರೆದಿರುವುದು, ಹೆಸರು ಕೇಳಿ ತಿಳಿಸುತ್ತೇನೆ ಎಂದ.

ಡಿಸೆಂಬರಿನಲ್ಲಿ ಪಾರ್ಸಲ್ ಹೋಯಿತು. ವಿಳಾಸವನ್ನು ಬಸವಲಿಂಗಪ್ಪನವರು ತಮ್ಮ ಗುಂಡು ಅಕ್ಷರಗಳಲ್ಲಿ ಬರೆದರು: ಶ್ರೀಮತಿ ಯಾಂಗ್‌ಜಿ, ತುಮ್ಲಿಂಗ್. ಪಾರ್ಸಲಿನೊಳಗೆ ಕೆಂಪು ಕ್ಯಾಪು, ಒಂದು ಡಬ್ಬಿ ಕರದಂಟು. ಕರದಂಟನ್ನು ತಿನ್ನುವ ವಿಧಾನ ಬರೆಯಲು ಅವರು ಒಂದು ಚೀಟಿ ತೆಗೆದುಕೊಂಡಿದ್ದರಂತೆ. ಪೆನ್ನು ಹಿಡಿದು ಒಂದಿಷ್ಟು ಹೊತ್ತು ಕೂತು, ಹಾಗೇ ಮಡಿಚಿ ಜೇಬಿಗೆ ಹಾಕಿಕೊಂಡರೆಂದು ಗಂಗೂಬಾಯಿ ಹೇಳುತ್ತಾರೆ.

ಮೇಘ್ಮಾದ ಫೋಟೊ ಈಗ ಕಚೇರಿಯಲ್ಲಿ ಅವರ ಮೇಜಿನ ಗಾಜಿನ ಅಡಿಯಲ್ಲಿದೆ. ಅವರೇ ಇಟ್ಟದ್ದು. ಘೋಷಾಲ್ ಬಾಬು ಅದನ್ನು ನೋಡಿದ ದಿನ ಸಂದೇಶ್ ಹಂಚಲಿಲ್ಲ. ಕನ್ನಡಕ ಏರಿಸಿ, ಹತ್ತಿರದಿಂದ ನೋಡಿ, "ಹೆಣಿಗೆ ಚೆನ್ನಾಗಿದೆ ದಾದಾ, ಯಾರು ಹೆಣೆದದ್ದು?" ಎಂದು ಕೇಳಿದರು.